ದಂಪತಿಯ ಪಾದಯಾತ್ರೆಗೆ ಇಬ್ಬರ ಅಭ್ಯಾಸವೂ ಬೇಕು

ಮಾನ್ಯ ಸಂಪಾದಕರೇ,

ಕೊಲ್ಲೂರು, ಗೋಕರ್ಣ, ಧರ್ಮಸ್ಥಳಗಳಿಗೆ ನಡೆದು ಹೊರಟವರ ಚಿತ್ರಗಳು ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತವೆ. ಹಾರ ಹಾಕಿ ಬೀಳ್ಕೊಟ್ಟ ಸುದ್ದಿ ಇರುತ್ತದೆಯೇ ಹೊರತು, ಅದಕ್ಕೂ ಮೂರು ತಿಂಗಳು ಮೊದಲೇ ಆಗಬೇಕಾದ ಸಿದ್ಧತೆಯ ಬಗ್ಗೆ ಏನೂ ಇರುವುದಿಲ್ಲ. ನಾನೂ ನಮ್ಮ ಯಜಮಾನರೂ ಶಿರಸಿಯಿಂದ ಕೊಲ್ಲೂರಿಗೆ ನಡೆದು ಹೋಗುವ ತಯಾರಿಯಲ್ಲಿರುವುದರಿಂದ, ಇಂಥ ಯೋಚನೆಯಲ್ಲಿರುವ ಇತರ ದಂಪತಿಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹರಕೆಯನ್ನು ಗಂಡ ಹೆಂಡತಿ ಇಬ್ಬರೂ ಹೊರುತ್ತಾರೆ, ಅಭ್ಯಾಸಕ್ಕೆ ಮಾತ್ರ ಗಂಡ ಒಬ್ಬನೇ ಹೋಗುತ್ತಾನೆ. ಬೆಳಗಿನ ತಂಪು ಹೊತ್ತು ನಡಿಗೆಗೆ ಎಷ್ಟು ಪ್ರಶಸ್ತವೋ ಹಾಲು ಕರೆಯುವುದಕ್ಕೆ, ತಿಂಡಿಗೆ, ಮಕ್ಕಳ ಡಬ್ಬಿಗೆ ಅಷ್ಟೇ ಅನಿವಾರ್ಯವಾದ ಹೊತ್ತು. ಸಾಲದ್ದಕ್ಕೆ ಅಡಿಕೆ ಸೀಮೆಯಾದ ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಕೊಯ್ಲು ಶುರುವಾದರೆ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸ ತಿಂಗಳುಗಟ್ಟಲೆ ಇರುತ್ತದೆ; ರಾತ್ರಿ ಬಹಳ ಹೊತ್ತು ಕೂತು ಅಡಿಕೆ ಸುಲಿದವಳು ನಸುಕಿಗೆದ್ದು ನಡಿಗೆಗೆ ಹೋಗಲಿ ಎಂದು ಬಯಸುವುದು ನ್ಯಾಯವಲ್ಲ. 'ಮನೆಗೆಲಸವೇ ವ್ಯಾಯಾಮವಲ್ಲವೇ' ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅಂಗಳ, ಅಡುಗೆಮನೆಗಳ ನಡುವೆ ದಿನವಿಡೀ ಓಡಾಡುವ ಕಾಲಿಗೆ ಡಾಂಬರಿನ ಮೇಲೆ ಒಂದೇ ಲಯದಲ್ಲಿ ಐದಾರು ಗಂಟೆ ನಡೆಯುವ ರೂಢಿ ಇರುವುದಿಲ್ಲ. ಮೂರನೆಯ ದಿನ ಅವಳ ಪಾದದಲ್ಲಿ ಬೊಬ್ಬೆ ಎದ್ದಾಗ 'ಹೆಂಗಸರಿಗೆ ಆಗುವ ಕೆಲಸವಲ್ಲ' ಎನ್ನುವವರು ಅವಳಿಗೆ ಸಿಗದೇ ಹೋದ ಬೆಳಗುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ದಂಪತಿಗಳ ಪಾದಯಾತ್ರೆಯ ಯೋಜನೆ ದಾರಿಯ ನಕಾಶೆಯಿಂದಲ್ಲ, ಮನೆಯ ಕೆಲಸದ ಹಂಚಿಕೆಯಿಂದ ಆರಂಭವಾಗಬೇಕು. ವಾರದಲ್ಲಿ ಕನಿಷ್ಠ ಮೂರು ಬೆಳಗು ಅವಳದ್ದೂ ಆಗಿರಬೇಕು, ಆ ದಿನಗಳ ಒಲೆ ಮತ್ತು ಕೊಟ್ಟಿಗೆ ಅವನದ್ದಾಗಬೇಕು.

ಅಭ್ಯಾಸಕ್ಕೆ ಹನ್ನೆರಡು ವಾರಗಳಾದರೂ ಬೇಕು. ಉಸಿರಾಟ ಕೆಲವೇ ವಾರಗಳಲ್ಲಿ ಹಿಡಿತಕ್ಕೆ ಬರುತ್ತದೆ. ಸ್ನಾಯುರಜ್ಜು, ಕೀಲು ಮತ್ತು ಅಂಗಾಲಿನ ಚರ್ಮ ಒಗ್ಗಿಕೊಳ್ಳಲು ಹೆಚ್ಚು ಕಾಲ ಹಿಡಿಯುತ್ತದೆ. ದಮ್ಮು ಬಂತೆಂದು ಒಮ್ಮೆಲೇ ದೂರ ಹೆಚ್ಚಿಸಿದವರಿಗೆ ಹಿಮ್ಮಡಿ, ಮಂಡಿ ಕೈಕೊಡುವುದು ಇದರಿಂದಲೇ. ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ದೂರ ಏರಿಸಬಾರದೆಂಬುದು ಬಲ್ಲವರು ಹೇಳುವ ಸ್ಥೂಲ ಲೆಕ್ಕ. ಕೊನೆಯ ತಿಂಗಳಲ್ಲಿ ಬೆನ್ನುಬೆನ್ನಿಗೆ ಎರಡು ದಿನ ದೀರ್ಘವಾಗಿ ನಡೆದು ನೋಡಬೇಕು, ಏಕೆಂದರೆ ಯಾತ್ರೆಯ ನಿಜವಾದ ಪರೀಕ್ಷೆ ಎರಡನೆಯ ದಿನದ ಬೆಳಿಗ್ಗೆ ಶುರುವಾಗುತ್ತದೆ. ದೀರ್ಘ ನಡಿಗೆಗೆ ಇಬ್ಬರೂ ಜೊತೆಯಾಗಿಯೇ ಹೋಗುವುದು ಒಳ್ಳೆಯದು. ವೇಗವಾಗಿ ನಡೆಯುವವರು ಮುಂದೆ ಹೋಗಿ ಮರದಡಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ತಲುಪುತ್ತಲೇ 'ಹೊರಡೋಣವೇ' ಎಂದು ಎದ್ದುಬಿಡುತ್ತಾರೆ. ಹೀಗಾದರೆ ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ನಿಧಾನವಾಗಿ ನಡೆಯುವವರು ಮುಂದಿರಬೇಕು.

ನಮ್ಮ ದಾರಿಯಲ್ಲಿ ದೇವಿಮನೆ ಘಟ್ಟವಿದೆ. ಘಟ್ಟ ಹತ್ತುವುದೆಂದರೆ ಎಲ್ಲರಿಗೂ ಅಂಜಿಕೆ, ಇಳಿಯುವುದೆಂದರೆ ಯಾರಿಗೂ ಇಲ್ಲ. ಇಳಿಜಾರಿನಲ್ಲಿ ದೇಹದ ಭಾರವನ್ನು ತಡೆಹಿಡಿಯುತ್ತಾ ಹೋಗುವ ತೊಡೆಯ ಮುಂಭಾಗದ ಸ್ನಾಯುಗಳು ಹೆಚ್ಚು ಘಾಸಿಗೊಳ್ಳುತ್ತವೆ, ಆ ನೋವು ಕಾಣಿಸಿಕೊಳ್ಳುವುದು ಮಾರನೆಯ ದಿನ ಅಥವಾ ಅದರಾಚೆಯ ದಿನ. ಹೊರಡುವ ಎರಡು ಮೂರು ವಾರ ಮೊದಲು ಇಂಥ ಇಳಿಜಾರನ್ನು ಒಮ್ಮೆ ನಡೆದು ಬಂದಿದ್ದರೆ ಯಾತ್ರೆಯಲ್ಲಿ ನೋವು ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಘಟ್ಟ ಇಳಿದ ಮೇಲೆ ಹವೆಯೇ ಬೇರೆ. ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬರಿಯ ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಅಥವಾ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರು ಇರಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ಇದಕ್ಕೂ ಮೊದಲು ವೈದ್ಯರನ್ನು ಕೇಳಬೇಕು. ಪಾದ ಊದಿಕೊಳ್ಳುವುದರಿಂದ ಬೂಟು ಅರ್ಧ ಅಳತೆ ದೊಡ್ಡದಿರಬೇಕು ಮತ್ತು ಅಭ್ಯಾಸದಲ್ಲೇ ಹಳತಾಗಿರಬೇಕು. ಬರಿಗಾಲಿನ ಹರಕೆಯಾದರೆ ಅಭ್ಯಾಸವೂ ಬರಿಗಾಲಿನದೇ ಆಗಬೇಕು, ಸೀರೆಯಲ್ಲಿ ನಡೆಯುವವರು ಸೀರೆಯಲ್ಲೇ ಅಭ್ಯಾಸ ಮಾಡಬೇಕು. ರಾತ್ರಿ ಒಬ್ಬರ ಅಂಗಾಲನ್ನು ಇನ್ನೊಬ್ಬರು ದೀಪದ ಬೆಳಕಿನಲ್ಲಿ ನೋಡುವುದಕ್ಕೆ ದಂಪತಿಗಳಿಗಿರುವ ಅನುಕೂಲ ಬೇರೆಯವರಿಗಿಲ್ಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಗಾಯ ಅರಿವಿಗೇ ಬಾರದಿರಬಹುದು.

ಕುಮಟಾ, ಹೊನ್ನಾವರ, ಭಟ್ಕಳ, ಬೈಂದೂರು ಮಾರ್ಗವಾಗಿ ಶಿರಸಿಯಿಂದ ಕೊಲ್ಲೂರಿಗೆ 160 ಕಿ.ಮೀ. ಮೀರುತ್ತದೆ. ಇದನ್ನು ಐದು ದಿನಗಳಲ್ಲಿ ಮುಗಿಸಿದೆವೆಂದು ಹೆಮ್ಮೆಪಡುವವರಿದ್ದಾರೆ. ಮಹಾರಾಷ್ಟ್ರದ ಆಳಂದಿಯಿಂದ ಪಂಢರಪುರಕ್ಕೆ ಸಾಗುವ ವಾರಕರಿಗಳು, ಅಂದರೆ ವಿಠ್ಠಲನ ಭಕ್ತರು, ಸುಮಾರು 250 ಕಿ.ಮೀ. ದೂರಕ್ಕೆ ಮೂರು ವಾರಗಳಷ್ಟು ಕಾಲ ತೆಗೆದುಕೊಳ್ಳುತ್ತಾರೆ, ಅವರ ಗಂಟುಮೂಟೆ ದಿಂಡಿಯ (ಯಾತ್ರಿಕರ ತಂಡದ) ಲಾರಿಗಳಲ್ಲಿ ಬರುತ್ತದೆ. ಹೊರೆ ಹೊತ್ತು ನಡೆಯುವ ನಾವು ಎಂಟು ದಿನವನ್ನಾದರೂ ಇಟ್ಟುಕೊಳ್ಳಬೇಕು. ಹೊನ್ನಾವರದಿಂದ ಭಟ್ಕಳದವರೆಗಿನ ದೂರವನ್ನು ಒಂದೇ ದಿನಕ್ಕೆ ಎಳೆಯದೆ ಇಡಗುಂಜಿಯಲ್ಲೋ ಮುರುಡೇಶ್ವರದಲ್ಲೋ ತಂಗಬೇಕು. 66ನೇ ಹೆದ್ದಾರಿಯಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಬೀಳುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು. ಶರಾವತಿ ಸೇತುವೆಯಂಥ ಕಡೆ ಮಾತಾಡುತ್ತ ಜೋಡಿಯಾಗಿ ಸಾಗುವುದು ಸಲ್ಲದು, ಕತ್ತಲಲ್ಲಿ ಹೊಳೆಯುವ ಪಟ್ಟಿಯ ಜಾಕೆಟ್ ಇಬ್ಬರಿಗೂ ಇರಬೇಕು.

ಗಂಡಸರು ಯೋಜನೆ ಹಾಕುವಾಗ ಮರೆಯುವ ಸಂಗತಿ ಶೌಚಾಲಯ. ದಾರಿಯಲ್ಲಿ ಅನುಕೂಲವಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಬಿಸಿಲಿನ ಬಾಧೆಯೂ ಉರಿಮೂತ್ರವೂ ಬರುತ್ತವೆ. ದಿನದ ದೂರವನ್ನು ಊಟದ ಜಾಗ ನೋಡಿ ಗೊತ್ತುಮಾಡುವಂತೆ ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ದೇವಸ್ಥಾನಗಳ ಶೌಚಾಲಯ ನೋಡಿಯೂ ಗೊತ್ತುಮಾಡಬೇಕು. ಪಾದಯಾತ್ರಿಗಳು ಬಿಸಿಲಿಗೆ ಮುಂಚೆ, ನಸುಕಿನ ನಾಲ್ಕಕ್ಕೇ ನಡೆಯತೊಡಗುತ್ತಾರೆ. ಯಾತ್ರೆಯ ತಿಂಗಳುಗಳಲ್ಲಿ ಹೆದ್ದಾರಿ ಬದಿಯ ಗ್ರಾಮ ಪಂಚಾಯಿತಿಗಳೂ ದೇವಸ್ಥಾನಗಳ ಆಡಳಿತ ಮಂಡಳಿಗಳೂ ತಮ್ಮ ಶೌಚಾಲಯಗಳ ಬೀಗವನ್ನು ಆ ಹೊತ್ತಿಗೆ ತೆಗೆಸಬೇಕು, ಅಂಥ ಜಾಗಗಳ ಪಟ್ಟಿಯನ್ನು ತಮ್ಮ ಪತ್ರಿಕೆ ಪ್ರಕಟಿಸಬೇಕು ಎಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗರು, ಶಿರಸಿ