ಭಾನುವಾರದ ಮಾಮ

ಮಾರಾಯ,

ಮಸ್ಕತ್‌ನಲ್ಲಿ ಎಸಿ ಕೆಳಗೆ ಕೂತು ‘ಮಗಳ ಕೇಸು ಎಂತಾಯ್ತು’ ಅಂತ ಎಲ್ಲರ ಎದುರೇ ಕೇಳಿದಿಯಲ್ಲ, ಹಾಗಾಗಿ ನಾನೂ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಛತ್ರಿ ವಿಷಯ ಮಾತ್ರ ಇಲ್ಲಿ ಎತ್ತಬೇಡ, ಅಮ್ಮ ಓದ್ತಾರೆ.

ಕೇಸು ಹಾಕಿಲ್ಲ. ವಕೀಲರನ್ನು ಕಂಡು ಬಂದೆ ಅಷ್ಟೆ. ಮದುವೆಯಾದವರ ಮಕ್ಕಳಿಗೆ ಅಪ್ಪ ಮೊದಲು ಗಾರ್ಡಿಯನ್, ಆಮೇಲೆ ಅಮ್ಮ. ಐದು ವರ್ಷದ ತನಕ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ. ಮದುವೆಯಾಗದ ನಮ್ಮಂಥವರಿಗೆ ಅದು ಉಲ್ಟಾ: ಅಮ್ಮ, ಅವಳ ಆಮೇಲೆ ಅಪ್ಪ. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆಯ 6ನೇ ಸೆಕ್ಷನ್ ಅಂತೆ. 2015ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮದುವೆಯಾಗದ ತಾಯಿ ಗಾರ್ಡಿಯನ್ ಆಗಲು ಅಪ್ಪನಿಗೆ ನೋಟಿಸ್ ಬೇಡ, ಅವನ ಹೆಸರೂ ಹೇಳಬೇಕಿಲ್ಲ ಅಂದಿದೆ. ಇದೆಂಥ ಅನ್ಯಾಯ ಅಂತ ನಾನು ಮುಖ ಊದಿಸಿದೆ. ವಕೀಲರು ಕನ್ನಡಕದ ಮೇಲಿಂದ ನೋಡಿ, ‘ಆ ಕೇಸಲ್ಲಿ ಅಪ್ಪ ಮಗುವಿನ ಕಡೆ ತಲೆಯೇ ಹಾಕಿರಲಿಲ್ಲ. ನೀವು ಮೊದಲ ಸಲ ನೋಡಿದ್ದು ಯಾವಾಗ?’ ಅಂದರು. ಮಗಳಿಗೆ ಹನ್ನೊಂದನೇ ತಿಂಗಳಲ್ಲಿ ಅಂದೆ. ಬರೆದುಕೊಂಡರು.

ದಾರಿ ಉಂಟು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಹಿಡಿದು ಮಗು ಇರುವ ಊರಲ್ಲಿ, ಅಂದ್ರೆ ಉಡುಪಿಯಲ್ಲಿ, ಅರ್ಜಿ ಹಾಕಬಹುದು. ಮಗುವಿಗೆ ಯಾವುದು ಒಳ್ಳೆಯದು ಅಂತ ನೋಡಿ ಜಡ್ಜ್ ಹೇಳುತ್ತಾರೆ. ಮಗುವಿನ ಖರ್ಚು ಕೊಡುವ ಹೊಣೆ ಮಾತ್ರ ಮದುವೆ ಆಗಲಿ ಬಿಡಲಿ ತಪ್ಪುವುದಿಲ್ಲ. ವಕೀಲರ ಫೀಸೂ ಅಷ್ಟೇ.

ಸದ್ಯಕ್ಕೆ ಮಗಳ ಅಮ್ಮನೇ ತಿಂಗಳಿಗೆ ಎರಡು ಭಾನುವಾರ ಅವಳನ್ನು ಅಜ್ಜರಕಾಡು ಪಾರ್ಕಿಗೆ ಕರೆದುಕೊಂಡು ಬರುತ್ತಾಳೆ. ನಾನು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಹೋಗುವುದು. ಮಗಳು ನನ್ನನ್ನು ಕರೆಯುವುದು ‘ಮಾಮ’. ನಗಬೇಡ. ಅಳಿಯಕಟ್ಟಿನ ಕಾಲ, ಅಂದ್ರೆ ಆಸ್ತಿ ಮಾಮನಿಂದ ಅಳಿಯನಿಗೆ ಹೋಗುತ್ತಿದ್ದ ಕಾಲ ಆಗಿದ್ದರೆ ಯಜಮಾನಿಕೆ ಮಾಮನದ್ದೇ ಅಲ್ವಾ, ಅಪ್ಪ ಬೇರೆ ಕುಟುಂಬದವನು. ಒಂದು ಲೆಕ್ಕದಲ್ಲಿ ನನಗೆ ಪ್ರಮೋಷನ್. ಗಡ್‌ಬಡ್ ಕೊಡಿಸಿದರೆ ಅವಳಿಗೆ ಐಸ್‌ಕ್ರೀಮ್ ಬೇಡ, ಜೆಲ್ಲಿ ಬೇಕು. ಎರಡು ತಿಂದು, ಮೂರನೆಯದನ್ನು ಬೆರಳಲ್ಲಿ ಹೆಕ್ಕಿ ನನ್ನ ಅಂಗಿಯ ಕಿಸೆಗೆ ಹಾಕುತ್ತಾಳೆ. ಅಮ್ಮನಿಗೆ ಅಂತ.

ಆದರೆ ಆ ‘ಅವಳ ಆಮೇಲೆ’ ಅನ್ನುವುದು ಉಂಟಲ್ಲ, ವಕೀಲರು ಸುಮ್ನೆ ಓದಿಬಿಟ್ಟರು, ನನಗೆ ಮಾತ್ರ ಕಿವಿ ಬಿಸಿಯಾಯಿತು. ಕಳೆದ ಮಳೆಗಾಲದಲ್ಲಿ ಮಗಳ ಅಮ್ಮನಿಗೆ ಡೆಂಗಿ ಆಗಿತ್ತು, ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು, ನಿನಗೆ ಹೇಳಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ಮಗಳು ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದಳು. ಹೇಳದೇ ಇದ್ದದ್ದು ಇದು. ಆ ರಾತ್ರಿ ನನಗೆ ಹೆದರಿಕೆಗಿಂತ ಮೊದಲು ಒಂದು ಲೆಕ್ಕ ಬಂತು. ಆಗ ಸೆಕ್ಷನ್ ಗಿಕ್ಷನ್ ಏನೂ ಗೊತ್ತಿರಲಿಲ್ಲ, ಆದರೂ ಬಂತು. ಇವಳಿಗೆ ಏನಾದರೂ ಆದರೆ ಮಗು ನನ್ನ ಹತ್ತಿರ ಬರುತ್ತದೆ ಅಂತ. ಒಂದು ಗಳಿಗೆ ಅಂತ ಬರೆದು ಅಳಿಸಿದೆ, ಯಾಕೆಂದರೆ ನಮ್ಮ ಮನೆಯಿಂದ ಯಾವ ಶಾಲೆ ಹತ್ತಿರ ಅಂತಲೂ ಯೋಚಿಸಿ ಆಗಿತ್ತು.

ಬೆಳಿಗ್ಗೆ ನರ್ಸ್ ಬಂದು ಪ್ಲೇಟ್‌ಲೆಟ್ ಏರಿದೆ ಅಂದಾಗ, ಎಲ್ಲರಿಗಿಂತ ಜೋರಾಗಿ ‘ದೇವರು ದೊಡ್ಡವನು’ ಅಂದದ್ದು ನಾನೇ. ಅವಳ ಅಮ್ಮ ಮೊದಲ ಸಲ ನನಗೆ ಚಹಾ ಕೊಟ್ಟರು. ಸಕ್ಕರೆ ಜಾಸ್ತಿ ಇತ್ತು. ಪೂರ್ತಿ ಕುಡಿದೆ.

ಛೆ, ಇದನ್ನೆಲ್ಲ ಬರೆಯಲು ಕೂತದ್ದಲ್ಲ ಮಾರಾಯ, ನನ್ನ ಹೊಟ್ಟೆ ಬಂದ ವಿಷಯ ಬರೆಯಬೇಕು ಅಂತಿದ್ದೆ. ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಕಿಸೆ ಹತ್ತಿರದ ಕೆಂಪು ಕಲೆಯೂ ಹೋಗಲಿಲ್ಲ, ಆಫೀಸಿನಲ್ಲಿ ಪೆನ್ನು ಲೀಕಾಯ್ತು ಅಂತ ಹೇಳಿದ್ದೇನೆ. ಬರುವ ಭಾನುವಾರ ಪುನಃ ಹೋಗಬೇಕು. ಮಳೆ ಜೋರುಂಟು, ಛತ್ರಿ ಇಲ್ಲ.

ಆ ಛತ್ರಿ ಅಲ್ಲ. ನಿಜವಾದ ಛತ್ರಿ.