ದೆಹಲಿಯ ಚಳಿಗೆ ನಿನ್ನ ಮೂಗು

ತೀರ್ಥಹಳ್ಳಿ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ನಡುರಾತ್ರಿ ನೀನು ಫೋನ್ ಮಾಡಿ, "ಅಪ್ಪಾ, ದಿಂಬೆಲ್ಲ ರಕ್ತ" ಎಂದಾಗ ನನ್ನ ಕೈಕಾಲು ತಣ್ಣಗಾಯಿತು. ಏನು ಮಾಡಬೇಕೆಂದಷ್ಟೇ ಆಗ ಹೇಳಿದೆ, ಯಾಕೆಂದು ಹೇಳಲು ಪುರುಸೊತ್ತಿರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ನೀನಿರುವಲ್ಲಿ ಚಳಿ ಇನ್ನೂ ಎರಡು ತಿಂಗಳು ಇರುತ್ತದೆ. ಮತ್ತೊಮ್ಮೆ ರಕ್ತ ಬಂದರೆ ನೀನು ಹೆದರಬಾರದು.

ನಿನ್ನ ಕೋಣೆಯ ಗೆಳತಿ ತಲೆಯನ್ನು ಹಿಂದಕ್ಕೆ ವಾಲಿಸಿ ಮಲಗಿಸಿದಳಲ್ಲ, ಅವಳದು ಒಳ್ಳೆಯ ಮನಸ್ಸು. ನಮ್ಮೂರಲ್ಲೂ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ, ಮೂಗಿನ ಹಿಂಬಾಗಿಲಿನಿಂದ ಗಂಟಲಿಗೆ ಇಳಿಯುತ್ತದೆ. ಹೊಟ್ಟೆಗೆ ಹೋದ ರಕ್ತ ಓಕರಿಕೆ ತರಿಸುತ್ತದೆ. ನೀನು ವಾಂತಿ ಮಾಡಿಕೊಂಡದ್ದು ಅದಕ್ಕೇ, ಬೇರೆ ಕಾಯಿಲೆಯಿಂದಲ್ಲ. ಕುಳಿತು ಮುಂದಕ್ಕೆ ಬಾಗಬೇಕು. ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಯಿಯಿಂದ ಉಸಿರಾಡುತ್ತ, ಹತ್ತರಿಂದ ಹದಿನೈದು ನಿಮಿಷ ಬಿಡದೆ ಕೂರಬೇಕು. ನಿಂತಿತೋ ಇಲ್ಲವೋ ಎಂದು ನಡುವೆ ಬೆರಳು ತೆಗೆದು ನೋಡಿದರೆ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

ಮೂಗು ಹಿಡಿದುಕೊಂಡೇ ನೀನು "ಅಮ್ಮನಿಗೆ ಹೇಳಬೇಡ" ಎಂದೆ. ನನಗೆ ಅದು "ಅಬ್ಬದಿಗೆ ಹೇಳಬೇಡ" ಎಂದು ಕೇಳಿಸಿತು. ಆಗಲೇ ನನಗೆ ಜೀವ ಬಂದದ್ದು, ನೀನು ಸರಿಯಾದ ಜಾಗವನ್ನೇ ಹಿಡಿದಿದ್ದೀಯೆಂದು. ಮ, ನ, ಣ ಇವೆಲ್ಲ ಅನುನಾಸಿಕಗಳು. ಉಸಿರು ಮೂಗಿನಿಂದ ಹೊರಬಂದರಷ್ಟೇ ಹುಟ್ಟುತ್ತವೆ. ಹೊಳ್ಳೆ ಮುಚ್ಚಿದರೆ ಮಕಾರ ಬಕಾರವಾಗುತ್ತದೆ, ನಕಾರ ದಕಾರವಾಗುತ್ತದೆ.

ಸರಿಯಾದ ಜಾಗ ಯಾವುದೆಂದು ಈಗಲೇ ಬೆರಳಿಟ್ಟು ನೋಡು. ಹುಬ್ಬುಗಳ ನಡುವಿನಿಂದ ಮೂಗಿನ ಮೇಲೆ ಬೆರಳನ್ನು ಕೆಳಕ್ಕೆ ಜಾರಿಸು. ಮೊದಲು ಗಟ್ಟಿ ಸಿಗುತ್ತದೆ. ಅವು ಎಲುಬುಗಳು, ಎಡಕ್ಕೊಂದು ಬಲಕ್ಕೊಂದು. ನಿನ್ನ ಕನ್ನಡಕ ಕೂರುವುದು ಅವುಗಳ ಮೇಲೆ. ಇನ್ನಷ್ಟು ಕೆಳಗೆ ಬಂದರೆ ಬೆರಳಿಗೆ ಒಂದು ಅಂಚು ತಗಲುತ್ತದೆ, ಅಲ್ಲಿಂದಾಚೆ ಮೂಗು ಅತ್ತಿತ್ತ ಬಾಗುತ್ತದೆ. ಅದು ಮೃದ್ವಸ್ಥಿ. ನೀನು ಆರನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಬಂದು, ತಲೆಬುರುಡೆಗೆ ಮೂಗೇ ಇಲ್ಲವಲ್ಲ ಎಂದು ಕೇಳಿದ್ದೆ. ಮೃದ್ವಸ್ಥಿ ಎಲುಬಿನಂತೆ ಉಳಿಯುವುದಿಲ್ಲ, ಅದಕ್ಕೇ ಅಲ್ಲಿ ಬರಿಯ ತೂತು. ಎಲುಬಿರುವ ಮೇಲ್ಭಾಗವನ್ನು ಎಷ್ಟು ಹಿಂಡಿದರೂ ರಕ್ತ ನಿಲ್ಲುವುದಿಲ್ಲ. ಕೆಳಗಿನ ಮೆತ್ತನೆಯ ಭಾಗವನ್ನು ಹಿಡಿದರೆ ಮಾತ್ರ ರಕ್ತ ಚಿಮ್ಮುವ ಜಾಗದ ಮೇಲೆ ಒತ್ತಡ ಬೀಳುತ್ತದೆ.

ಆ ಜಾಗ ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂತುದಿಯಲ್ಲಿದೆ. ಅಂದಹಾಗೆ, ಈ ನಡುಗೋಡೆ ಪೂರ್ತಿ ನೆಟ್ಟಗಿರುವ ಮನುಷ್ಯರು ಅಪರೂಪ. ನಿನ್ನದು ಸ್ವಲ್ಪ ಎಡಕ್ಕೆ ವಾಲಿದೆ ಎಂದು ವೈದ್ಯರು ಹೇಳಿದರೆ ಗಾಬರಿಯಾಗಬೇಡ. ಅದರ ಮುಂಭಾಗದಲ್ಲಿ ನಾಲ್ಕೈದು ಅಪಧಮನಿಗಳ ಕವಲುಗಳು ಬಂದು ಕೂಡುತ್ತವೆ. ಒಂದು ಕಣ್ಣಿನ ಗೂಡಿನ ಕಡೆಯಿಂದ ಇಳಿಯುತ್ತದೆ, ಒಂದು ಅಂಗುಳದಿಂದ ಹತ್ತುತ್ತದೆ, ಇನ್ನೊಂದು ಮೇಲ್ದುಟಿಯಿಂದ ಬರುತ್ತದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಹಾಗೆ. ವೈದ್ಯರು ಇದನ್ನು ಕೀಸೆಲ್‌ಬಾಕ್ ಜಾಲ ಎನ್ನುತ್ತಾರೆ. ಮೂಗಿನ ರಕ್ತಸ್ರಾವಗಳಲ್ಲಿ ಬಹುಪಾಲು ಇಲ್ಲಿಂದಲೇ. ರಕ್ತನಾಳಗಳ ಮೇಲೆ ತೆಳ್ಳನೆಯ ಲೋಳೆಪೊರೆ ಮಾತ್ರ ಇರುತ್ತದೆ. ಅದು ಒಣಗಿ ಬಿರಿದರೆ ಸಾಕು.

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಮುಚ್ಚಿಡಲು ನನ್ನಿಂದ ಆಗಲಿಲ್ಲ. "ಉಷ್ಣ ಆಗಿದೆ, ಮಜ್ಜಿಗೆ ಕುಡಿಯಲಿ" ಎಂದಳು. ಮಜ್ಜಿಗೆ ಕುಡಿ, ಆದರೆ ಕಾರಣ ಉಷ್ಣವಲ್ಲ, ಒಣಹವೆ. ನೀನು ಹುಟ್ಟಿ ಬೆಳೆದದ್ದು ಗೋಡೆಗೇ ಪಾಚಿ ಕಟ್ಟುವ ಊರಿನಲ್ಲಿ. ಇಲ್ಲಿನ ಗಾಳಿ ತಾನೇ ಒದ್ದೆಯಾಗಿ ಮೂಗಿಗೆ ಬರುತ್ತದೆ. ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಬಹಳ ಕಡಿಮೆ, ಕೋಣೆಯಲ್ಲಿ ಹೀಟರ್ ಹಾಕಿದರೆ ಇನ್ನೂ ಒಣಗುತ್ತದೆ. ಅಂಥ ಗಾಳಿಯನ್ನು ನಿನ್ನ ಮೂಗು ಒದ್ದೆ ಮಾಡಬೇಕು, ಮೈಬಿಸಿಗೆ ಹತ್ತಿರ ತರಬೇಕು. ಒಬ್ಬ ಮನುಷ್ಯ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಷ್ಟನ್ನೂ ಹೊಳ್ಳೆಯಿಂದ ಗಂಟಲಿನವರೆಗಿನ ಒಂದು ಗೇಣೂ ಇಲ್ಲದ ದಾರಿಯಲ್ಲಿ ಹದಗೊಳಿಸಬೇಕು, ಪುಟ್ಟಿ!

ಅಷ್ಟು ರಕ್ತ ಅಲ್ಲಿರುವುದು ಈ ಕೆಲಸಕ್ಕಾಗಿ. ಮೂಗಿನ ಒಳಗಿನ ಪಕ್ಕದ ಗೋಡೆಗಳಿಂದ ಸುರುಳಿಯಾಗಿ ಬಾಗಿದ ಎಲುಬಿನ ಹಾಳೆಗಳು ಚಾಚಿಕೊಂಡಿವೆ, ಒಂದೊಂದು ಬದಿಗೆ ಮೂರು. ಅವುಗಳ ಮೇಲಿನ ಪೊರೆಯ ತುಂಬ ರಕ್ತನಾಳಗಳು. ಗಾಳಿ ಈ ಮಡಿಕೆಗಳನ್ನು ಸವರಿಕೊಂಡು ಹೋಗುವಾಗ ಬಿಸಿಯಾಗುತ್ತದೆ, ತೇವವಾಗುತ್ತದೆ. ದಿಂಬಿನ ಮೇಲೆ ಕಂಡು ನಿನ್ನನ್ನು ಅಳಿಸಿದ ರಕ್ತ ನಿನ್ನ ಶ್ವಾಸಕೋಶಕ್ಕೆ ಚಳಿ ತಾಗದಂತೆ ಕಾಯುತ್ತಿರುವ ರಕ್ತ. ಇದೊಂದು ನಿನ್ನ ಮನಸ್ಸಿನಲ್ಲಿ ಉಳಿಯಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡೂ ಬದಿಗಳು ಒಂದೇ ಸಮನೆ ದುಡಿಯುವುದಿಲ್ಲ. ಒಂದು ಬದಿಯ ಪೊರೆ ರಕ್ತ ತುಂಬಿ ಉಬ್ಬಿದಾಗ ಇನ್ನೊಂದು ಬದಿ ತೆರೆದುಕೊಳ್ಳುತ್ತದೆ, ಕೆಲವು ತಾಸುಗಳ ಬಳಿಕ ಅದಲುಬದಲು. ನಮ್ಮ ಯೋಗಿಗಳು ಇಡಾ, ಪಿಂಗಳಾ ಎಂದು ಎಡಬಲದ ಉಸಿರನ್ನು ಗಮನಿಸುತ್ತ ಬಂದವರು. 1895ರಲ್ಲಿ ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ ಇದನ್ನು ವೈದ್ಯಶಾಸ್ತ್ರದ ಭಾಷೆಯಲ್ಲಿ ವಿವರಿಸಿದ. ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಮೆಲ್ಲಗೆ ಉಸಿರು ಬಿಡು. ಎರಡು ಮಂಜಿನ ಮಚ್ಚೆ ಮೂಡುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು.

ದೆಹಲಿಯ ಹೊಗೆಯ ಬಗ್ಗೆ ನಿನಗೆ ಚಿಂತೆ. ನನಗೂ ಇದೆ. ಮೂಗಿನೊಳಗಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಾರು ಬಾರಿ ಬಡಿಯುತ್ತ, ಧೂಳು ಅಂಟಿದ ಲೋಳೆಯನ್ನು ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಗಂಟಲ ಕಡೆಗೆ ಸಾಗಿಸುತ್ತಿರುತ್ತವೆ. ಆದರೆ ಅತಿ ಸಣ್ಣ ಹೊಗೆಕಣಗಳು ಅವುಗಳನ್ನೂ ದಾಟಿ ಹೋಗುತ್ತವೆ. ಹೊರಗೆ ಹೋಗುವಾಗ ಮಾಸ್ಕ್ ಹಾಕಿಕೋ.

ಮೂಗಿನ ರಕ್ತದ ಮಾತು ಬಂದಾಗ ನನಗೆ ಕಾವಸ್‌ಜಿ ನೆನಪಾಗುತ್ತಾನೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಮರಾಠಿ ಒಕ್ಕಲಿಗ. ಟಿಪ್ಪುವಿನ ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಬರೆಯಿತು. ಒಂದು ವರ್ಷ ಅವನು ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವವರ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳ್ಳನೆಯ ಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಆ ಆಕಾರಕ್ಕೆ ಚರ್ಮವನ್ನು ಕೊಯ್ದು, ಹೊರಳಿಸಿ ಕೆಳಗಿಳಿಸಿದ. ಆದರೆ ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಟ್ಟ. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತಿದ್ದುದರಿಂದ ಹೊಸ ಮೂಗು ಸಾಯಲಿಲ್ಲ. ಸುಮಾರು ಇಪ್ಪತ್ತೈದನೇ ದಿನ, ಹೊಸ ಜಾಗದ ರಕ್ತ ಕೂಡಿಕೊಂಡ ಮೇಲೆ, ಆ ಪಟ್ಟಿಯನ್ನು ಕತ್ತರಿಸುವುದು ಕ್ರಮ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದನ್ನು ಸುಶ್ರುತ ಎಷ್ಟೋ ಶತಮಾನಗಳ ಹಿಂದೆಯೇ ಬರೆದಿದ್ದ. ಪುಣೆಯ ಸುದ್ದಿ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಶಸ್ತ್ರಕ್ರಿಯೆಯನ್ನು ಅಲ್ಲಿ ಮಾಡಿದ. ಇಟ್ಟಿಗೆ ಮಾಡುವವನ ಹೆಸರನ್ನು ಮಾತ್ರ ಆ ಪತ್ರಿಕೆ ಬರೆಯಲಿಲ್ಲ. ಪ್ರತಿ ವರ್ಷ ಪಾಠ ಮಾಡುವಾಗಲೂ ನನಗೆ ಅದು ನೋವಾಗುತ್ತಿತ್ತು.

ಇನ್ನು ನೀನು ಮಾಡಬೇಕಾದದ್ದು. ಔಷಧದ ಅಂಗಡಿಯಲ್ಲಿ ಸಲೈನ್ ಎಂದು ಕೇಳು, ಉಪ್ಪುನೀರಿನ ಮೂಗಿನ ಹನಿ ಕೊಡುತ್ತಾರೆ. ದಿನಕ್ಕೆರಡು ಮೂರು ಬಾರಿ ಹಾಕಿಕೋ. ಮೂಗು ಕಟ್ಟಿದಾಗ ಬಿಡಿಸುವ ಹನಿ ಬೇರೆ, ಅದು ಬೇಡ. ಒಣಗಿದ ಹಕ್ಕಳೆಯನ್ನು ಉಗುರಿನಿಂದ ಕೀಳಬೇಡ, ಚಿಕ್ಕಂದಿನ ಅಭ್ಯಾಸ ನಿನಗೆ ಇನ್ನೂ ಇದೆ. ಅರ್ಧ ಗಂಟೆ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಅಥವಾ ವಾರದಲ್ಲಿ ಎರಡು ಮೂರು ಬಾರಿ ಬಂದರೆ, ನಡುರಾತ್ರಿಯಾದರೂ ಸರಿ, ಗೆಳತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗು. ಖರ್ಚಿನ ಯೋಚನೆ ಮಾಡಬೇಡ.

ಅಮ್ಮ ಕಾಫಿಪುಡಿ, ಚಕ್ಕುಲಿ ಕಟ್ಟುತ್ತಿದ್ದಾಳೆ. ನಾಳೆ ಅಂಚೆಗೆ ಹಾಕುತ್ತೇನೆ. ಎರಡು ವರ್ಷದ ಹಿಂದೆ ಜ್ವರದಲ್ಲಿ ನನ್ನ ವಾಸನೆ ಹೋಗಿದ್ದಾಗ ಅವಳು ದಿನಾ ಬೆಳಿಗ್ಗೆ ಇದೇ ಪುಡಿಯ ಡಬ್ಬಿಯನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಮೂಗಿನ ಮಾಡಿನಲ್ಲಿರುವ ವಾಸನೆಯ ನರಕೋಶಗಳು ಸತ್ತರೆ ಮತ್ತೆ ಹುಟ್ಟಬಲ್ಲವು. ಮೂರನೇ ತಿಂಗಳು ನನಗೆ ಮೊದಲು ತಿಳಿದ ವಾಸನೆ ಅದೇ. ಪೊಟ್ಟಣ ಕೈಗೆ ಬಂದ ದಿನ ಬಿಚ್ಚುವ ಮೊದಲು ತಟ್ಟೆ ಹಿಡಿದು ನೋಡಿ, ಯಾವ ಹೊಳ್ಳೆ ತೆರೆದಿತ್ತು ಎಂದು ಬರೆ.

ಇಂತು,
ನಿನ್ನ ಅಪ್ಪ