ಮರುಕವೂ ದಣಿಯುತ್ತದೆ

ಮಾನ್ಯ ಸಂಪಾದಕರೆ,

ದಾದಿ ಸಿಡುಕಿದರು, ವೈದ್ಯರು ತಲೆಯೆತ್ತಿಯೂ ನೋಡಲಿಲ್ಲ ಎಂಬ ದೂರು ಓದುಗರ ಅಂಕಣಕ್ಕೆ ಹೊಸದಲ್ಲ. ದೂರು ಸುಳ್ಳೇನೂ ಅಲ್ಲ. ಆದರೆ ಸೊಕ್ಕು ಎಂದು ಷರಾ ಬರೆದು ಕಡತ ಮುಚ್ಚಿದರೆ ಕಾರಣ ಅಲ್ಲೇ ಉಳಿಯುತ್ತದೆ. ಪರರ ನೋವನ್ನು ದಿನವೂ ಹತ್ತಿರದಿಂದ ಕಾಣುವವರಲ್ಲಿ ಮರುಕವೇ ದಣಿದುಬಿಡುವುದುಂಟು. ಶುಶ್ರೂಷಾ ವಲಯದಲ್ಲಿ 1990ರ ದಶಕದಿಂದಲೂ ಇದಕ್ಕೆ ‘ಕಂಪ್ಯಾಶನ್ ಫಟೀಗ್’ ಎಂಬ ಹೆಸರಿದೆ.

ಇದನ್ನು ಬರ್ನ್‌ಔಟ್ ಜೊತೆ ಕಲಸಿಬಿಡುತ್ತಾರೆ. ಬರ್ನ್‌ಔಟ್ ಎಂದರೆ ಕೆಲಸದ ಹೊರೆಯಿಂದ ತಿಂಗಳುಗಟ್ಟಲೆ ನಿಧಾನವಾಗಿ ಏರುವ ಬಳಲಿಕೆ. ರೋಗಿಯ ಮುಖವನ್ನೇ ನೋಡದ ಬಿಲ್ಲಿಂಗ್ ಗುಮಾಸ್ತರಿಗೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಅದನ್ನು ಕಾಯಿಲೆ ಎನ್ನದೆ, ವೃತ್ತಿಗೆ ಸಂಬಂಧಿಸಿದ ಸ್ಥಿತಿ ಎಂದು ಪಟ್ಟಿ ಮಾಡಿದೆ. ಮರುಕದ ದಣಿವು ಮೇಲಿಂದ ಮೇಲೆ ಎರಡು ಮೂರು ಕೆಟ್ಟ ಸಾವುಗಳನ್ನು ಕಂಡ ವಾರದಲ್ಲೇ ಹಿಡಿಯಬಹುದು. ರಜೆ ಕೊಟ್ಟರೆ ಬರ್ನ್‌ಔಟ್ ತುಸು ಇಳಿಯುತ್ತದೆ. ಮರುಕದ ದಣಿವು ರಜೆಗೂ ಜೊತೆಯಲ್ಲೇ ಹೊರಡುತ್ತದೆ.

ಗುರುತುಗಳು ಮೊದಲು ಕಣ್ಣಿಗೆ ಬೀಳುವುದು ಜೊತೆಯವರಿಗೆ. ಒಂದು ಕೋಣೆಗೆ ಮಾತ್ರ ಹೋಗದೆ ಸತಾಯಿಸುವುದು, ಸಂಬಂಧಿಕರಿಗೆ ಫೋನ್ ಮಾಡುವ ಕೆಲಸವನ್ನು ಮುಂದಿನ ಪಾಳಿಗೆ ದಾಟಿಸುವುದು, ನೋವು ಎಂದವರದು ‘ನಾಟಕ’ ಎಂದು ಔಷಧ ತಡಮಾಡುವುದು, ಮನೆ ಸೇರಿದ ಮೇಲೂ ಮಾನಿಟರಿನ ಸದ್ದು ಕಿವಿ ಬಿಡದಿರುವುದು. ಇದಕ್ಕೆ ತದ್ವಿರುದ್ಧವಾದ ರೂಪವೂ ಇದೆ, ಅದೇ ಹೆಚ್ಚು ತಪ್ಪಿಸಿಕೊಳ್ಳುತ್ತದೆ: ರಜೆಯ ದಿನವೂ ಬಂದು ರೋಗಿಯನ್ನು ನೋಡುವುದು, ಸ್ವಂತ ನಂಬರ್ ಕೊಡುವುದು, ತಾನಿಲ್ಲದಿದ್ದರೆ ಏನಾದೀತೋ ಎಂದು ಊಟ ಬಿಡುವುದು. ಇಂಥವರಿಗೆ ಸಾಮಾನ್ಯವಾಗಿ ಸಿಗುವುದು ಸನ್ಮಾನ.

ಅಳೆಯಲು ‘ಪ್ರೊಕ್ವಾಲ್’ ಎಂಬ ಉಚಿತ ಪ್ರಶ್ನಾವಳಿ ಇದೆ. ಕಳೆದ 30 ದಿನಗಳ ಬಗ್ಗೆ 30 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಸೇವೆಯ ತೃಪ್ತಿ, ಬರ್ನ್‌ಔಟ್, ಪರರ ಆಘಾತದಿಂದ ಬಂದ ಒತ್ತಡ, ಈ ಮೂರನ್ನೂ ಬೇರೆಬೇರೆ ಕೂಡಬೇಕು. 22 ಅಥವಾ ಕಡಿಮೆ ಬಂದರೆ ಕೆಳಮಟ್ಟ, 23ರಿಂದ 41 ಮಧ್ಯಮ, 42 ಅಥವಾ ಅದಕ್ಕೂ ಮೇಲಾದರೆ ಹೆಚ್ಚು. ಇದು ರೋಗನಿರ್ಣಯವಲ್ಲ, ಮೂರು ತಿಂಗಳಿಗೊಮ್ಮೆ ತನ್ನ ಅಂಕವನ್ನು ತಾನೇ ಹೋಲಿಸಿಕೊಳ್ಳಲು ಸಾಕು. ಆಡಳಿತದವರು ಹೆಸರು ಬರೆಸಿಕೊಂಡು ಸಂಗ್ರಹಿಸಿದರೆ ಮಾತ್ರ ಎಲ್ಲರೂ ಆರೋಗ್ಯವಂತರಾಗಿಯೇ ಕಾಣುತ್ತಾರೆ.

ಪರಿಹಾರವೆಂದರೆ ವರ್ಷಕ್ಕೊಂದು ಧ್ಯಾನ ಶಿಬಿರ ಎಂಬಂತಾಗಿದೆ. ಬೇಕಿರುವುದು ಪಾಳಿಯೊಳಗಿನ ಸಣ್ಣ ಬಿಡುವು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ ಸ್ಯಾನಿಟೈಸರ್ ಉಜ್ಜುವ 20–30 ಸೆಕೆಂಡು ಹೇಗೂ ಇದ್ದೇ ಇದೆ. ಎರಡೂ ಪಾದ ನೆಲಕ್ಕೂರಿ, 4 ಎಣಿಸುವಷ್ಟು ಉಸಿರೆಳೆದು 6 ಎಣಿಸುವಷ್ಟು ಬಿಡುವುದನ್ನು ಎರಡು ಮೂರು ಸಲ ಮಾಡಬಹುದು. ಸಾವಾದಾಗ ಇಡೀ ತಂಡ ಒಂದು ನಿಮಿಷ ಸುಮ್ಮನೆ ನಿಂತು ಮುಂದಿನ ಹಾಸಿಗೆಗೆ ಹೋಗಲಿ. ‘ನನಗೇ ಹೀಗಾಗಿದ್ದರೆ’ ಎಂದು ನೋವಿನೊಳಗೆ ಇಳಿಯುವುದು ಬೇರೆ, ‘ಇವರಿಗೆ ಈಗ ಏನು ಬೇಕು’ ಎಂದು ಕೇಳಿಕೊಳ್ಳುವುದು ಬೇರೆ. ನರವಿಜ್ಞಾನಿ ತಾನಿಯಾ ಸಿಂಗರ್ ಅವರ ತಂಡ ಮಿದುಳಿನಲ್ಲೂ ಇವೆರಡರ ಜಾಡು ಬೇರೆ ಎಂದು ತೋರಿಸಿದೆ. ಎರಡನೆಯದನ್ನು ರೂಢಿಸಿಕೊಳ್ಳಲು ಬರುತ್ತದೆ.

ಮಾಡಬಾರದ್ದೂ ಒಂದಿದೆ. ದುರಂತ ನಡೆದ ದಿನವೇ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ, ಕಂಡದ್ದನ್ನೆಲ್ಲ ಹೇಳಿಸುವ ಒಂದೇ ಸಭೆಯಿಂದ ಮುಂದಿನ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಎಂದು ಸಂಶೋಧನಾ ವಿಮರ್ಶೆಗಳು ಹೇಳಿವೆ. ಬೇಕಾದವರು ಮಾತಾಡಲಿ, ಕೇಳುವವರ ಒಪ್ಪಿಗೆ ಪಡೆದು, ಭೀಕರ ವಿವರ ಬಿಟ್ಟು ಹೇಳಲಿ. ಒಂದು ತಿಂಗಳಾದರೂ ದೃಶ್ಯ ಕಾಡುತ್ತಿದ್ದರೆ ಮನೋವೈದ್ಯರ ಬಳಿ ಹೋಗಬೇಕು. ನಿದ್ದೆಗಾಗಿ ಮಾತ್ರೆ, ಮದ್ಯಕ್ಕೆ ಕೈಹಾಕಿದ್ದರೆ ಅಷ್ಟೂ ಕಾಯಬಾರದು. ಸಾಯುವ ಯೋಚನೆ ಬಂದರೆ ಅದೇ ದಿನ.

ಉಳಿದದ್ದು ಪಾಳಿಪಟ್ಟಿ ಬರೆಯುವವರ ಕೈಯಲ್ಲಿದೆ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಇರಲಿ. ತಾಳ್ಮೆಯಿದೆ ಎಂಬ ಕಾರಣಕ್ಕೆ ಸಾವಿನಂಚಿನ ರೋಗಿಗಳನ್ನೆಲ್ಲ ಒಬ್ಬರಿಗೇ ಕಟ್ಟಬಾರದು. ಬಿಡುವಿನ 20 ನಿಮಿಷ ವಾರ್ಡಿನ ಫೋನನ್ನು ಬೇರೆಯವರು ಹಿಡಿದಿರಬೇಕು, ಇಲ್ಲವಾದರೆ ಅದು ಬಿಡುವೇ ಅಲ್ಲ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಪಾಳಿಯೂ ಇಲ್ಲ, ಪಟ್ಟಿಯೂ ಇಲ್ಲ. ವಾರಕ್ಕೆ ಎರಡು ಸಲ ನಾಲ್ಕು ನಾಲ್ಕು ಗಂಟೆ ಬದಲಿಯವರು ಬಂದರೂ ದೊಡ್ಡದು. ‘ನನ್ನ ಹೊರತು ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತಿಗೆ ಈ ಏರ್ಪಾಟು ಮುರಿದುಬೀಳುವುದೇ ಹೆಚ್ಚು. ಅದಕ್ಕೇ ಒಂದು ಹಾಳೆ ಬರೆದಿಡಿ: ಮಾತ್ರೆಯ ವೇಳೆ ಮತ್ತು ಪ್ರಮಾಣ, ಮಗ್ಗುಲು ಬದಲಿಸುವ ಬಗೆ, ಗಂಟಲಲ್ಲಿ ಸಿಕ್ಕುವ ಆಹಾರ, ಮೊದಲು ಯಾರಿಗೆ ಫೋನ್ ಮಾಡಬೇಕು. ಮೊದಲ ಸಲ ಅರ್ಧ ಗಂಟೆ ಪಕ್ಕದಲ್ಲಿದ್ದು ತೋರಿಸಿ, ಆಮೇಲೆ ಮನೆಯಿಂದ ಹೊರಗೇ ಹೋಗಿ. ಪಕ್ಕದ ಕೋಣೆಯಲ್ಲಿ ಮಲಗಿದರೆ ಹತ್ತು ನಿಮಿಷಕ್ಕೆ ಕರೆ ಬಂದೇ ಬರುತ್ತದೆ.

– ಶುಶ್ರೂಷಾ ವೃತ್ತಿಯ ಓದುಗರು